ಶರಾವತಿ ಹಿನ್ನೀರಿನಲ್ಲಿ ಎರಡು ದಿನ: ಒಂದು ಕಯಾಕಿಂಗ್ ಶಿಬಿರದ ವಿಮರ್ಶೆ

ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ದಡದಲ್ಲಿ ನಡೆಯುವ ಎರಡು ದಿನಗಳ ಕಯಾಕಿಂಗ್, ಅಂದರೆ ಕಿರಿದಾದ ಸಣ್ಣ ದೋಣಿಯಲ್ಲಿ ಹುಟ್ಟು ಹಾಕುವ, ಶಿಬಿರವೊಂದಕ್ಕೆ ಫೆಬ್ರವರಿ ಮೊದಲ ವಾರದಲ್ಲಿ ಹೋಗಿ ಬಂದೆ. ಮೊದಲ ದಿನ ಬೆಳಿಗ್ಗೆ ದಡದಲ್ಲಿ ತರಬೇತಿ, ಮಧ್ಯಾಹ್ನದ ಮೇಲೆ ಹುಟ್ಟು ಹಾಕಿಕೊಂಡು ಒಂದು ನಡುಗಡ್ಡೆಗೆ ಪಯಣ, ರಾತ್ರಿ ಅಲ್ಲಿಯೇ ಟೆಂಟಿನಲ್ಲಿ ವಾಸ, ಮರುದಿನ ಬೆಳಿಗ್ಗೆ ವಾಪಸು. ದೋಣಿ, ಊಟ, ಟೆಂಟು ಎಲ್ಲ ಸೇರಿ ಒಬ್ಬರಿಗೆ 3,200 ರೂಪಾಯಿ ತೆಗೆದುಕೊಂಡರು. ನಾನು ಕಂಡ ಕೊರತೆಗಳನ್ನು ಶಿಬಿರ ನಡೆಸುವವರಿಗೆ ನೇರವಾಗಿ ಹೇಳಿದ್ದೇನೆ, ಸರಿಪಡಿಸುತ್ತೇವೆಂದು ಅವರೂ ಒಪ್ಪಿದ್ದಾರೆ. ಆದ್ದರಿಂದ ಶಿಬಿರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹಿನ್ನೀರಿನಲ್ಲಿ ಎಲ್ಲಿಗೆ ಹೋಗುವವರಿಗಾದರೂ ಈ ಮಾತುಗಳು ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ಯಾವ ಸ್ಥಿತಿಯಲ್ಲಿ ಹೋದೆ ಎಂಬುದನ್ನು ಮೊದಲು ಹೇಳಬೇಕು. ನಾನು ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಕುರ್ಚಿ ಬಿಟ್ಟು ಏಳುವುದು ಕಡಿಮೆ. ಅದಕ್ಕಾಗಿಯೇ ನಾಲ್ಕು ವರ್ಷಗಳಿಂದ ಜಿಮ್ಮಿಗೆ ಹೋಗುತ್ತಿದ್ದೇನೆ, ವಾರಕ್ಕೆರಡು ದಿನ ನೆಹರೂ ಕ್ರೀಡಾಂಗಣದಲ್ಲಿ ಓಡುತ್ತೇನೆ. ಆದರೆ ಕಳೆದ ದೀಪಾವಳಿಯಿಂದೀಚೆಗೆ ಎಷ್ಟು ತೂಕ ಎತ್ತಿದರೂ ಮನಸ್ಸು ಹಗುರಾಗುತ್ತಿರಲಿಲ್ಲ. ಬೆಂಚ್ ಪ್ರೆಸ್ಸಿನಲ್ಲಿ ಐದು ಕಿಲೋ ಹೆಚ್ಚಾದ ದಿನ ಒಂದು ಗಂಟೆ ಖುಷಿ, ಹೆಚ್ಚಾಗದ ದಿನ ಇಡೀ ಸಂಜೆ ಯಾರೊಡನೆಯೂ ಮಾತು ಬೇಡ ಎನ್ನಿಸುವ ಬೇಸರ, ಹೀಗೆ ನನ್ನ ದಿನಗಳ ಬಣ್ಣವನ್ನು ಕಬ್ಬಿಣದ ತಟ್ಟೆಗಳು ನಿರ್ಧರಿಸುತ್ತಿದ್ದವು. ಜೊತೆಗೆ ಬಂದವರು ಸಾಗರದ ಬಳಿ ತೋಟ ನೋಡಿಕೊಂಡಿರುವ ನನ್ನ ಸೋದರಮಾವನ ಮಗ, ನನಗಿಂತ ಎಂಟು ವರ್ಷ ದೊಡ್ಡವರು. ನಾನು ಅವರನ್ನು ಭಾವ ಎಂದೇ ಕರೆಯುವುದು. ಎಲೆಚುಕ್ಕಿ ರೋಗ ಮತ್ತು ಕೊಳೆರೋಗ ಎರಡೂ ಒಟ್ಟಿಗೆ ಬಂದು ಅವರ ಫಸಲು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಕೊನೆ ಕೊಯ್ಲು ಮುಗಿದು ಅಡಿಕೆ ಒಣಗಿಸಿದ ಮೇಲೆ ನಾನೇ ಫೋನ್ ಮಾಡಿ ಕರೆದೆ. "ದುಡ್ಡು ಕೊಟ್ಟು ದೋಣಿ ಹೊಡೆಯುವುದೇನು ಮಾರಾಯ" ಎಂದರೂ ಕೊನೆಗೆ ಬಂದರು. ಬೆಳಗಿನ ತಾಳಗುಪ್ಪ ರೈಲಿನಲ್ಲಿ ನಾನು ಸಾಗರಕ್ಕೆ ಹೋಗಿ ಇಳಿದೆ, ಅಲ್ಲಿಂದ ಅವರ ಬೈಕಿನಲ್ಲಿ ಮುಕ್ಕಾಲು ಗಂಟೆಯ ದಾರಿ.

ತರಬೇತಿಯ ಗುಣಮಟ್ಟಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ನಮ್ಮ ಮಾರ್ಗದರ್ಶಕರು ಹಿನ್ನೀರಿನ ದಡದ ಊರಿನವರೇ ಆದ, ಐವತ್ತರ ಆಸುಪಾಸಿನ ವ್ಯಕ್ತಿ. ಸಣ್ಣ ದನಿಯಲ್ಲಿ, ಒಂದು ಸಲಕ್ಕೆ ಒಂದೇ ಸಂಗತಿ ಹೇಳಿಕೊಡುವವರು. ದೋಣಿಯನ್ನು ನೀರಿಗಿಳಿಸುವ ಮೊದಲು ಅರ್ಧ ಗಂಟೆ ನೆಲದ ಮೇಲೆಯೇ ಕೂರಿಸಿ ಹುಟ್ಟು ಹಿಡಿಯುವುದನ್ನು ಕಲಿಸಿದರು. ಕಯಾಕಿನ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು ಇರುತ್ತದೆ. ಹೊಸಬರೆಲ್ಲ ಅದನ್ನು ತೋಳಿನಿಂದ ಎಳೆಯುತ್ತಾರೆ, ನಾನೂ ಹಾಗೆಯೇ ಎಳೆದೆ. ತೋಳಿನ ಬಲದಿಂದ ಹುಟ್ಟು ಹಾಕಿದರೆ ಬೇಗ ಸೋಲುತ್ತದೆಂದೂ, ಕಾಲನ್ನು ದೋಣಿಯೊಳಗಿನ ಪಾದದ ಆಧಾರಕ್ಕೆ ಊರಿ ಸೊಂಟದಿಂದ ಮೇಲಿನ ಮೈಯನ್ನು ತಿರುಗಿಸಿದರೆ ಬೆನ್ನಿನ ದೊಡ್ಡ ಸ್ನಾಯುಗಳು ಆ ಕೆಲಸ ವಹಿಸಿಕೊಳ್ಳುತ್ತವೆಂದೂ, ಅಲಗನ್ನು ಪಾದದ ಹತ್ತಿರ ನೀರಿಗೆ ಊರಿ ಸೊಂಟದ ಸಮಕ್ಕೆ ಬಂದೊಡನೆ ಹೊರಗೆ ತೆಗೆಯಬೇಕೆಂದೂ ಅವರು ಹೇಳಿಕೊಟ್ಟ ರೀತಿ ಬಹಳ ಸ್ಪಷ್ಟವಾಗಿತ್ತು. ಹುಟ್ಟನ್ನು ಬಿಗಿಯಾಗಿ ಹಿಡಿಯಬಾರದೆಂಬ ಮಾತನ್ನು ಮಾತ್ರ ನಾನು ಕೇಳಿಸಿಕೊಂಡೂ ಪಾಲಿಸಲಿಲ್ಲ. ನೀರಿಗಿಳಿದ ಇಪ್ಪತ್ತೇ ನಿಮಿಷಕ್ಕೆ ಮುಂಗೈ ಕಲ್ಲಿನಂತೆ ಗಟ್ಟಿಯಾಯಿತು. ಜಿಮ್ಮಿನಲ್ಲಿ ಎಂಟೋ ಹತ್ತೋ ಸಲ ಎತ್ತಿ ಇಳಿಸಿ, ಒಂದೆರಡು ನಿಮಿಷ ದಣಿವಾರಿಸಿಕೊಳ್ಳುವ ಮೈಗೆ, ಒಂದೂವರೆ ಗಂಟೆ ಬಿಡುವಿಲ್ಲದೆ ಒಂದೇ ಹದದಲ್ಲಿ ದುಡಿಯುವುದು ಬೇರೆಯದೇ ಶಕ್ತಿಯನ್ನು ಕೇಳುತ್ತದೆ. ಭಾವನಿಗೆ ಅದು ಮೊದಲಿನಿಂದಲೇ ಇತ್ತು. ತೋಟದಲ್ಲಿ ಮಣ್ಣು ಹೊತ್ತು, ಬಸಿಗಾಲುವೆ ಕಡಿದು ಪಳಗಿದ ಅವರ ಬೆನ್ನು ಮೊದಲ ಹತ್ತು ನಿಮಿಷದಲ್ಲೇ ಆ ಲಯವನ್ನು ಹಿಡಿಯಿತು.

ನಮಗೆ ಕೊಟ್ಟದ್ದು ಇಬ್ಬರು ಕೂರುವ ಕಯಾಕ್. ಇದರಲ್ಲಿ ಲಯ ಮುಂದಿನವರದು, ದಿಕ್ಕು ಹಿಂದಿನವರದು. ಭಾವ ಮುಂದೆ, ನಾನು ಹಿಂದೆ. ಹಿಂದೆ ಕುಳಿತವನು ಮುಂದಿನವರ ಭುಜವನ್ನು ನೋಡಿಕೊಂಡೇ ಹುಟ್ಟು ಹಾಕಬೇಕು, ಇಲ್ಲವಾದರೆ ಅಲಗಿಗೆ ಅಲಗು ತಾಗುತ್ತದೆ. ಮೊದಮೊದಲು ಹತ್ತಾರು ಸಲ ತಾಗಿತು. ನನಗೆ ಬೇಗ ತಲುಪುವ ಹಂಬಲ, ಅವರಿಗೆ ಅಂಥ ಅವಸರವೇ ಇಲ್ಲ. ಕೊನೆಗೆ ನನ್ನ ವೇಗವನ್ನು ಬಿಟ್ಟುಕೊಟ್ಟು ಅವರ ಬಲಭುಜ ಮುಂದೆ ಹೋದಾಗ ನನ್ನದನ್ನೂ ಮುಂದೊಡ್ಡುತ್ತ ಹೋದೆ. ಆಮೇಲಿನ ಒಂದು ಗಂಟೆಯಲ್ಲಿ ಮಂಡಿಯ ಬಾಕಿ ಲೆಕ್ಕವಾಗಲಿ, ತಿಂಗಳುಗಟ್ಟಲೆ ಎದೆಯ ಮೇಲೆ ಕೂತಿದ್ದ ಬೇಸರವಾಗಲಿ ಒಮ್ಮೆಯೂ ನೆನಪಾಗಲಿಲ್ಲ. ಹಸಿರು, ನೀರು, ಸೂರ್ಯಾಸ್ತ ಇವುಗಳಿಂದ ಹಾಗಾಯಿತೆಂದು ನಾನು ಹೇಳಲಾರೆ. ಮಲೆನಾಡಿನಲ್ಲಿ ಹುಟ್ಟಿದವನಿಗೆ ಅವು ದಿನವೂ ಇರುವಂಥವೇ. ಇನ್ನೊಬ್ಬರ ಉಸಿರಾಟಕ್ಕೆ ನನ್ನ ಮೈಯನ್ನು ಹೊಂದಿಸಬೇಕಾಗಿ ಬಂದದ್ದರಿಂದ ಹಾಗಾಯಿತು. ಶಿಬಿರಕ್ಕೆ ಹೋಗುವವರು ಒಬ್ಬರೇ ಕೂರುವ ದೋಣಿಯನ್ನು ಕೇಳದೆ ಇಬ್ಬರದನ್ನೇ ಕೇಳಿ ಪಡೆಯಿರಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಈಗ ಕೊರತೆಯ ವಿಷಯ. ನನಗೆ ಕೊಟ್ಟ ಲೈಫ್ ಜಾಕೆಟ್ಟಿನ ಮೂರು ಬಕಲ್‌ಗಳಲ್ಲಿ ಒಂದು ಮುರಿದಿತ್ತು, ಅದರ ಜಾಗದಲ್ಲಿ ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದರು. ಜಾಕೆಟ್ ಸರಿಯಾಗಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ: ಎಲ್ಲ ಪಟ್ಟಿಗಳನ್ನು ಬಿಗಿದ ಮೇಲೆ ಇನ್ನೊಬ್ಬರು ಹೆಗಲಿನ ಹತ್ತಿರ ಹಿಡಿದು ಮೇಲಕ್ಕೆತ್ತಬೇಕು. ಜಾಕೆಟ್ ಏರಿ ಗಲ್ಲಕ್ಕೋ ಕಿವಿಗೋ ಬಡಿದರೆ ನೀರಿನಲ್ಲಿಯೂ ಅದು ಹಾಗೆಯೇ ಮೇಲೇರುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ. ನನ್ನದು ಮೂಗಿನವರೆಗೆ ಬಂತು. ಬದಲಿಸಿ ಕೊಡಿ ಎಂದಾಗ ಕೊಟ್ಟರು ನಿಜ, ಆದರೆ ಕೇಳದಿದ್ದರೆ ಅದನ್ನೇ ಹಾಕಿಕೊಂಡು ಹೋಗುತ್ತಿದ್ದೆ. ನಮ್ಮ ಹನ್ನೊಂದು ಜನರ ತಂಡದಲ್ಲಿ ಐವರಿಗೆ ಈಜು ಬರುತ್ತಿರಲಿಲ್ಲ. ದೋಣಿ ಮಗುಚಿದರೆ ಏನು ಮಾಡಬೇಕೆಂದು ಬಾಯಿಮಾತಿನಲ್ಲಿ ವಿವರಿಸಿದರೇ ಹೊರತು ಮಗುಚಿ ತೋರಿಸಿರಲಿಲ್ಲ. ನಾವು ಕೆಲವರು ಒತ್ತಾಯಿಸಿದ ಮೇಲೆ ಸೊಂಟದ ಮಟ್ಟದ ನೀರಿನಲ್ಲಿ ಎಲ್ಲರಿಂದಲೂ ಒಮ್ಮೊಮ್ಮೆ ಮಾಡಿಸಿದರು. ಈಜು ಬಾರದ ಹುಡುಗಿಯೊಬ್ಬಳು ಮಗುಚಿ ಬಿದ್ದು, ದೋಣಿಯನ್ನು ಬಿಡದೆ ಹಿಡಿದು, ಮೇಲೆ ಬಂದು ಉಸಿರು ತೆಗೆದುಕೊಂಡ ಮೇಲೆ ಅವಳ ಮುಖದಲ್ಲಿದ್ದ ಹೆದರಿಕೆ ಪೂರ್ತಿ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟು ಉಪಯುಕ್ತವಾದದ್ದು ಕೇಳಿದವರಿಗೆ ಮಾತ್ರ ಸಿಗುವಂತಾಗಬಾರದು. ನಡುಗಡ್ಡೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ತಂಡದ ಜೊತೆ ಮೋಟಾರು ದೋಣಿಯೂ ಇರಲಿಲ್ಲ, ದಡದವರೊಡನೆ ಮಾತಾಡಲು ವಾಕಿಟಾಕಿಯೂ ಇರಲಿಲ್ಲ. ರಾತ್ರಿ ಯಾರಿಗಾದರೂ ಹಾವು ಕಚ್ಚಿದ್ದರೆ ಕತ್ತಲಲ್ಲಿ ಹುಟ್ಟು ಹಾಕಿಕೊಂಡೇ ದಡ ಸೇರಬೇಕಿತ್ತು. 3,200 ರೂಪಾಯಿ ಪಡೆಯುವವರು ಇದಕ್ಕೊಂದು ವ್ಯವಸ್ಥೆ ಮಾಡಲೇಬೇಕು.

ಹವಾಮಾನದ ತಿಳಿವಳಿಕೆ ಮಾತ್ರ ಅವರಲ್ಲಿ ಚೆನ್ನಾಗಿದೆ. ಮುಂಜಾನೆ ಕನ್ನಡಿಯಂತಿರುವ ನೀರು ಬಿಸಿಲೇರಿ ಗಾಳಿ ಎದ್ದ ಮೇಲೆ ಅಲೆಯಾಡತೊಡಗುತ್ತದೆ. ಅಷ್ಟು ಅಗಲದ ಬಯಲು ನೀರಿನಲ್ಲಿ ಗಾಳಿಗೆ ತಡೆಯೇ ಇಲ್ಲ. ಅದಕ್ಕಾಗಿ ಮೊದಲ ದಿನ ಗಾಳಿ ತಗ್ಗುವವರೆಗೆ, ಅಂದರೆ ನಾಲ್ಕು ಗಂಟೆಯವರೆಗೆ, ನಮ್ಮನ್ನು ಹೊರಡಲು ಬಿಡಲಿಲ್ಲ. ಮರುದಿನ ಆರೂವರೆಗೇ ಎಬ್ಬಿಸಿ ಹೊರಡಿಸಿದರು. ಕೆಲವರು ಗೊಣಗಿದರು, ಆದರೆ ಮಾಡಿದ್ದು ಸರಿ.

ನಡುಗಡ್ಡೆಯ ಬಗ್ಗೆ ಒಂದಿಷ್ಟು ಹೇಳದೆ ಮುಂದೆ ಹೋಗಲಾರೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪಕ್ಕೂ, ಮುರುಡೇಶ್ವರದಿಂದ ಹೋಗುವ ನೇತ್ರಾಣಿಗೂ ನಾನು ಹಿಂದೆ ಹೋಗಿದ್ದೇನೆ. ಸೇಂಟ್ ಮೇರೀಸಿನ ಕಂಬದಂಥ ಬಂಡೆಗಳು ಲಾವಾ ತಣ್ಣಗಾಗಿ ಆದವು, ಪ್ರಕೃತಿಯೇ ಮಾಡಿದ್ದು. ಶರಾವತಿಯ ನಡುಗಡ್ಡೆಗಳು ಹಾಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಕಣಿವೆಯ ಗದ್ದೆ, ತೋಟ, ಊರುಗಳು ಮುಳುಗಿ ಗುಡ್ಡದ ನೆತ್ತಿಗಳಷ್ಟೇ ಮೇಲೆ ಉಳಿದವು. ನಾವು ಟೆಂಟು ಹಾಕಿದ್ದು ಅಂಥ ಒಂದು ನೆತ್ತಿಯ ಮೇಲೆ. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಮಳೆಗಾಲದಲ್ಲಿ ತುಂಬಿದ ನೀರು ಫೆಬ್ರವರಿಯ ಹೊತ್ತಿಗೆ ಇಳಿದಿರುವುದರಿಂದ ಕಾಡಿನ ಅಂಚಿನ ಕೆಳಗೆ ಬೋಳು ಕೆಂಪು ಮಣ್ಣಿನ ಪಟ್ಟಿಯೊಂದು ಸುತ್ತಲೂ ಕಾಣುತ್ತದೆ, ಅದರಲ್ಲಿ ಅರವತ್ತು ವರ್ಷದ ಹಿಂದೆ ಮುಳುಗಿದ ಮರಗಳ ಕಪ್ಪು ಬೊಡ್ಡೆಗಳು ನಿಂತಿರುತ್ತವೆ. ದೋಣಿಯ ತಳಕ್ಕೆ ಎರಡು ಸಲ ಅಂಥ ಬೊಡ್ಡೆ ಸವರಿತು. ನೀರು ಇನ್ನೂ ತೀರ ಇಳಿದ ವರ್ಷ ಹಳೆಯ ಮಡೆನೂರು ಅಣೆಕಟ್ಟೆಯೂ ಹೊರಗೆ ಕಾಣುತ್ತದೆ. ರಾತ್ರಿ ಊಟವಾದ ಮೇಲೆ ನಮ್ಮ ಮಾರ್ಗದರ್ಶಕರು ಬ್ಯಾಟರಿಯ ಬೆಳಕನ್ನು ಪಶ್ಚಿಮದ ನೀರಿನ ಕಡೆ ಹಾಯಿಸಿ, "ನಮ್ಮ ಅಜ್ಜನ ಗದ್ದೆ ಅಲ್ಲಿ ಅಡಿಯಲ್ಲಿದೆ" ಎಂದರು. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ. ಭಾವ ಬಹಳ ಹೊತ್ತು ಅತ್ತಲೇ ನೋಡುತ್ತ ಕುಳಿತಿದ್ದು, ಆಮೇಲೆ ತಾವಾಗಿಯೇ ತಮ್ಮ ತೋಟದ ಮಾತು ತೆಗೆದರು. ಸಾಲ ಎಷ್ಟಿದೆ, ಯಾವ ಗಿಡಗಳನ್ನು ಕಡಿಯಬೇಕಾಗಿದೆ, ಕಾಳುಮೆಣಸಿನಿಂದ ಎಷ್ಟು ಬರಬಹುದು ಎಂಬುದನ್ನೆಲ್ಲ ನನ್ನೆದುರು ಅವರು ಹೇಳಿಕೊಂಡದ್ದು ಅದೇ ಮೊದಲು.

ಹಿನ್ನೀರಿನ ಆಚೆಯ ಕರೂರು, ತುಮರಿ ಕಡೆಯವರನ್ನು ನಮ್ಮಲ್ಲಿ ದ್ವೀಪದವರು ಎಂದೇ ಕರೆಯುತ್ತಿದ್ದೆವು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗುವವರೆಗೆ ಅವರು ಸಾಗರಕ್ಕೆ ಬರಲು ಹೊಳೆಬಾಗಿಲಿನ ಲಾಂಚನ್ನೇ ನೆಚ್ಚಿಕೊಳ್ಳಬೇಕಿತ್ತು. ನಾವು ಹಣ ಕೊಟ್ಟು ಒಂದು ರಾತ್ರಿ ಅನುಭವಿಸುವ ಏಕಾಂತವನ್ನು ಅವರು ದಶಕಗಳ ಕಾಲ ಬೇಡದೆಯೇ ಅನುಭವಿಸಿದರು. ಶಿಬಿರದ ಪರಿಚಯದ ಮಾತಿನಲ್ಲಿ ಈ ಮುಳುಗಡೆಯ ಕಥೆಗೆ ಹತ್ತು ನಿಮಿಷವಾದರೂ ಸಿಗಬೇಕು. ಬೆಂಗಳೂರಿನಿಂದ ಬಂದಿದ್ದ ನಾಲ್ವರು ಅದನ್ನು ಸಹಜ ಸರೋವರ ಎಂದೇ ತಿಳಿದಿದ್ದರು.

ಅದೇ ನಾಲ್ವರು ರಾತ್ರಿ ಸ್ಪೀಕರ್ ಹಾಕಿದಾಗ ಮಾರ್ಗದರ್ಶಕರು ಹೋಗಿ ಮೆಲ್ಲಗೆ ಹೇಳಿ ನಿಲ್ಲಿಸಿದರು. ಈ ನಿಯಮವನ್ನು ಮುಂಗಡ ಪಡೆಯುವಾಗಲೇ ತಿಳಿಸಿದರೆ ಯಾರಿಗೂ ಮುಜುಗರವಿಲ್ಲ. ಟೆಂಟುಗಳು ಸ್ವಚ್ಛವಾಗಿವೆ, ಹೊದಿಕೆ ಸಾಲದು. ಬೆಳಗಿನ ಜಾವದ ಚಳಿಗೆ ಒಂದು ಕಂಬಳಿ ನೀವೇ ಒಯ್ಯಿರಿ. ಊಟವನ್ನು ದಡದ ಮನೆಯಿಂದಲೇ ಮಾಡಿಸಿ ತರುತ್ತಾರೆ: ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಅನ್ನ, ಆಗತಾನೇ ಬರತೊಡಗಿದ್ದ ಮಾವಿನ ಮಿಡಿಯ ಅಪ್ಪೆಹುಳಿ. ಹುಟ್ಟು ಹಾಕಿ ಬೆವರಿದ ಮೈಗೆ ಆ ಉಪ್ಪು, ಹುಳಿ ಮತ್ತು ಇಂಗಿನ ಒಗ್ಗರಣೆಯ ನೀರು ಹಿತವೆನಿಸಿ ಮೂರು ಲೋಟ ಕುಡಿದೆ. ಪ್ರೋಟೀನ್ ಲೆಕ್ಕ ಹಾಕುವ ನನ್ನಂಥವರು ಮೊಟ್ಟೆಯನ್ನೋ ಕಡಲೆಕಾಯಿಯನ್ನೋ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಹೋಗಲು ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಬಹಳ ಹಿಂದೆ ಸರಿದಿರುತ್ತದೆ, ಕೆಸರಿನಲ್ಲಿ ದೋಣಿ ಹೊರುವ ಶ್ರಮವೇ ಹೆಚ್ಚು. ನಡುಗಡ್ಡೆಯಲ್ಲಿ ರಾತ್ರಿ ಉಳಿಯಲು ಅನುಮತಿ ಪತ್ರ ಇದೆಯೇ ಎಂದು ಹಣ ಕಟ್ಟುವ ಮೊದಲು ಕೇಳಿ ನೋಡಿ, ನಮಗೆ ತೋರಿಸಿದರು. ಬೆನ್ನುನೋವು ಅಥವಾ ಭುಜದ ಹಳೆಯ ಪೆಟ್ಟು ಇರುವವರು ಅದನ್ನು ಮೊದಲೇ ತಿಳಿಸಬೇಕು.

ಮರಳಿ ಬಂದ ಮೇಲೆ ನನ್ನ ಬೇಸರ ಪೂರ್ತಿ ಹೋಗಿಲ್ಲ, ಎರಡು ದಿನದಲ್ಲಿ ಹೋಗುವಂಥದ್ದೂ ಅದಲ್ಲ. ಆದರೆ ಜಿಮ್ಮಿನಲ್ಲಿ ತೂಕ ಬರೆದಿಡುವ ಪುಸ್ತಕವನ್ನು ಒಂದು ತಿಂಗಳಿಂದ ತೆರೆದಿಲ್ಲ, ಶನಿವಾರ ರಾತ್ರಿ ಭಾವನಿಗೆ ಫೋನ್ ಮಾಡುವುದನ್ನು ತಪ್ಪಿಸಿಲ್ಲ. ನವೆಂಬರಿನಲ್ಲಿ ಕೊಯ್ಲಿಗೆ ಮೊದಲು ಒಂದು ಬಿಡುವು ಮಾಡಿಕೊಂಡು ಮತ್ತೆ ಹೋಗುವುದೆಂದು ಮಾತಾಗಿದೆ. ಈ ಸಲ ನಾನು ಮುಂದೆ ಕೂರಬೇಕಂತೆ, ಭಾವ ಹೇಳಿದ್ದಾರೆ. ಜಾಕೆಟ್‌ಗಳನ್ನು ಬದಲಿಸಿದ್ದಾರೆಯೇ ಎಂದು ಆಗ ನೋಡಿ, ಈ ಬರಹಕ್ಕೆ ಅದನ್ನೂ ಸೇರಿಸುತ್ತೇನೆ.