ಜಿಪ್ಸಂ ಸೀಲಿಂಗ್‌ಗೆ ಪೇಪರ್ ಟೇಪ್: ಕೆಲವು ಮಳೆಗಾಲ ಕಳೆದ ಮೇಲೆ

ಜಿಪ್ಸಂ ಬೋರ್ಡುಗಳ ನಡುವಿನ ಸಂದಿಗೆ ಹಚ್ಚುವ ಪೇಪರ್ ಟೇಪ್‌ಗೆ ಸ್ವಂತ ಅಂಟು ಇಲ್ಲ. ಅದನ್ನು ಬೈಯುವವರೆಲ್ಲ ಬೈಯೋದು ಇದಕ್ಕೇ. ಫೈಬರ್ ಜಾಳಿಗೆ ಟೇಪ್ ಆದರೆ ಹಿಂದೆ ಅಂಟು ಇರುತ್ತದೆ, ಸಂದಿನ ಮೇಲೆ ಎಳೆದರೆ ಮುಗಿಯಿತು. ಪೇಪರ್ ಟೇಪ್‌ಗೆ ಮೊದಲು ಕಾಂಪೌಂಡ್ (ಸಂದು ಮುಚ್ಚುವ ಲೇಪ) ಹಚ್ಚಬೇಕು, ಅದು ಹಸಿ ಇರುವಾಗಲೇ ಟೇಪ್ ಕೂರಿಸಬೇಕು. ಅದೂ ತಲೆ ಮೇಲೆ ಮಾಡಿಕೊಂಡು. "ಅಣ್ಣಾ, ಸುಮ್ನೆ ಫೈಬರ್ ಹಚ್ಚಿಬಿಡೋಣ" ಅಂತ ನಮ್ಮ ಹುಡುಗ ಇವತ್ತಿಗೂ ಕೇಳುತ್ತಾನೆ.

ನನ್ನದು ಕಾರವಾರ, ಅಂಕೋಲಾ ಕಡೆ ಸೀಲಿಂಗ್ ಕೆಲಸ. ಒಂದು ಹಾಲ್, ಎರಡು ಬೆಡ್‌ರೂಮ್, ಅಷ್ಟೇ ಗಾತ್ರದ ಕೆಲಸಗಳು. ಫೈಬರ್ ಹಾಕಿದ ಮನೆಗಳಿಂದ ಮುಂದಿನ ಬೇಸಿಗೆಗೆ ಫೋನ್ ಬರುತ್ತಿತ್ತು. "ಸೀಲಿಂಗ್ ಮೇಲೆ ಗೆರೆ ಬಿದ್ದಿದೆ ಮಾರಾಯ್ರೇ, ಬಂದು ನೋಡಿ." ಬೋರ್ಡ್ ಸ್ವಲ್ಪ ಅಲ್ಲಾಡಿದರೂ ಜಾಳಿಗೆ ಹಿಗ್ಗುತ್ತದೆ, ಮೇಲಿನ ಕಾಂಪೌಂಡ್ ಸೀಳುತ್ತದೆ. ಪೇಪರ್ ಅಷ್ಟು ಹಿಗ್ಗುವುದಿಲ್ಲ. ಪೇಪರ್ ಹಾಕಿದ ಮನೆಗಳಿಂದ ಬೋರ್ಡಿನ ಸಂದಿಗಂತ ಫೋನ್ ಬಂದದ್ದು ನೆನಪಿಲ್ಲ. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಈಗ ಟೇಪ್ ಕೂರಿಸುವ ಕೆಲಸವೇ ನನಗೆ ಇಷ್ಟ. ಮೊದಲು ಸಂದಿನ ಧೂಳು. ಬೋರ್ಡ್ ಕತ್ತರಿಸಿದ ಬದಿಯಲ್ಲಿ ಬಿಳಿ ಪುಡಿ ಕೂತಿರುತ್ತದೆ, ಅದರ ಮೇಲೆ ಯಾವ ಟೇಪೂ ನಿಲ್ಲುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಫ್ಯಾನ್ ಬಂದ್. ಗಾಳಿ ಬಿದ್ದರೆ ಕಾಂಪೌಂಡ್ ಮೇಲೆ ಕೆನೆ ಕಟ್ಟಿಬಿಡುತ್ತದೆ. ಕಲಸುವುದು ಇಡ್ಲಿ ಹಿಟ್ಟಿನ ಹದಕ್ಕೆ. ನಾಲ್ಕಿಂಚಿನ ಬ್ಲೇಡ್‌ನಿಂದ ಟೇಪ್‌ಗಿಂತ ಅಗಲವಾಗಿ, ಎಲ್ಲೂ ಬೋರ್ಡ್ ಕಾಣದ ಹಾಗೆ ಎಳೆಯಬೇಕು. ಟೇಪನ್ನು ಅಳತೆಗೆ ಹರಿದು, ನೀರಿನಲ್ಲಿ ಒಮ್ಮೆ ಅದ್ದಿ, ಎರಡು ಬೆರಳ ನಡುವೆ ಎಳೆದು ನೀರು ಇಳಿಸುತ್ತೇನೆ. ಒಣ ಕಾಗದ ಕಾಂಪೌಂಡ್‌ನ ನೀರು ಹೀರುತ್ತದೆ. ಮೊದಲೇ ಸ್ವಲ್ಪ ಕುಡಿಸಿದರೆ ಆ ಕಾಟ ಕಡಿಮೆ. ನಡುವಿನ ಮಡಿಕೆಯ ಉಬ್ಬಿದ ಬದಿ ಬೋರ್ಡಿನ ಕಡೆಗಿರಬೇಕು. ಅಲ್ಲಲ್ಲಿ ಬೆರಳಿನಿಂದ ಒತ್ತಿ ನಿಲ್ಲಿಸಿ, ಆಮೇಲೆ ಬ್ಲೇಡನ್ನು ಓರೆ ಹಿಡಿದು ನಡುವಿನಿಂದ ತುದಿಗೆ ಎಳೆಯುವುದು. ಎರಡೂ ಅಂಚಿನಿಂದ ಕಾಂಪೌಂಡ್ ಸಣ್ಣ ಗೆರೆಯಾಗಿ ಉಕ್ಕುತ್ತಾ ಬರುತ್ತದೆ. ಅದು ಒಂದೇ ಸಮ ಉಕ್ಕಿದರೆ ಕೆಲಸ ಸರಿಯಾಯಿತು. ಎಲ್ಲಿ ಉಕ್ಕಲಿಲ್ಲವೋ ಅಲ್ಲಿ ಕೆಳಗೆ ಖಾಲಿ ಇದೆ ಅಂತ ಅರ್ಥ. ಟೇಪ್ ಎತ್ತಿ, ಮತ್ತೆ ಹಚ್ಚಿ, ಮತ್ತೆ ಕೂರಿಸಬೇಕು.

ಹಾಗಂತ ಜೋರಾಗಿ ಒತ್ತಿ ಎಲ್ಲವನ್ನೂ ಹೊರಗೆ ತೆಗೆದರೂ ಕೆಟ್ಟಿತು. ಟೇಪ್ ಕೆಳಗೆ ಒಂದು ಮಿಲಿಮೀಟರ್‌ನಷ್ಟಾದರೂ ಉಳಿಯಬೇಕು. ಇಲ್ಲದಿದ್ದರೆ ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ, ಎರಡನೇ ಕೋಟ್ ಎಳೆದಾಗ ಕಾಗದ ನೀರು ಕುಡಿದು ಗುಳ್ಳೆ ಎದ್ದು ನಿಲ್ಲುತ್ತದೆ. ಅದಕ್ಕೇ ಎರಡನೇ ಕೋಟ್‌ಗೆ ಮೊದಲು ಉಗುರಿನಿಂದ ತಟ್ಟಿ ನೋಡುತ್ತೇನೆ. ಪೊಳ್ಳು ಸದ್ದು ಬಂದರೆ ಅಷ್ಟು ಭಾಗ ಕಟರ್‌ನಿಂದ ತೆಗೆದು ಬೇರೆ ತುಂಡು. ಗುಳ್ಳೆ ಮೇಲೆ ಪುಟ್ಟಿ ಎಳೆದು ಮುಚ್ಚುವವರಿದ್ದಾರೆ, ಪ್ರೈಮರ್ ಬೀಳುವವರೆಗೆ ಮಾತ್ರ ಅವರ ಆಟ.

ನಮ್ಮ ಕಡೆಯ ಇನ್ನೊಂದು ತೊಂದರೆ ಪ್ಯಾಕೆಟ್ ಮೇಲೆ ಬರೆದಿರುವುದಿಲ್ಲ. ಹೊಳೆ ಸಮುದ್ರ ಸೇರುವ ಕೋಡಿಯ ಮನೆಗಳಲ್ಲಿ ಮೇ ತಿಂಗಳಿಗೆ ಬಾವಿ ನೀರು ಉಪ್ಪಾಗುತ್ತದೆ. ಉಪ್ಪು ನೀರಲ್ಲಿ ಕಲಸಿದ ಜಿಪ್ಸಂ ಪುಡಿ ಬೇಗ ಗಟ್ಟಿಯಾಗುತ್ತದೆ. ಟೇಪ್ ಕೈಯಲ್ಲಿ ಹಿಡಿದು ಏಣಿ ಹತ್ತುವಷ್ಟರಲ್ಲಿ ಹಚ್ಚಿದ್ದು ಬಿಗಿದಿರುತ್ತದೆ. ಕುಡಿಯುವ ನೀರಿನ ಕ್ಯಾನ್ ತಂದು ಕಲಸಿ. ಬಕೆಟ್ ಕೂಡ ತೊಳೆದದ್ದೇ ಆಗಬೇಕು, ಹಳೇ ಗಟ್ಟಿ ಚೂರು ಸೇರಿದರೂ ಅದೇ ಕಥೆ. ತಾನಾಗಿಯೇ ಬೇಗ ಬಿಗಿಯುವ ಬರೀ ಪಿಒಪಿಯಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಪೇಪರ್ ಟೇಪ್ ಹಚ್ಚುವುದನ್ನಂತೂ ಬಿಟ್ಟುಬಿಡಿ.

ಇಲ್ಲಿಯವರೆಗೆ ಹೊಗಳಿದ್ದಾಯಿತು. ಈಗ ಸಿಟ್ಟು.

ನಾನು ವರ್ಷಗಟ್ಟಲೆ ಒಂದೇ ಕಂಪನಿಯ ರೋಲ್ ತರುತ್ತಿದ್ದೆ. ಕೈಯಾಡಿಸಿದರೆ ಸಣ್ಣಗೆ ತರಿ ತರಿ ಅನ್ನುವ ಕಾಗದ, ಬೆಳಕಿಗೆ ಹಿಡಿದರೆ ಕಾಣುವ ಸೂಜಿ ತೂತುಗಳು. ಆ ತರಿಯಿಂದಲೇ ಹಿಡಿತ. ಕಳೆದ ಸಲ ಬಂದ ರೋಲ್ ಅದೇ ಹೆಸರು, ಅದೇ ಬಣ್ಣ, ಕಾಗದ ಮಾತ್ರ ನುಣುಪು. ಅದ್ದಿದ ತಕ್ಷಣ ಮೆತ್ತಗಾಗಿ ಬ್ಲೇಡಿಗೆ ಸಿಕ್ಕಿ ಹರಿಯುತ್ತದೆ. ಮಡಿಕೆಯೂ ನಟ್ಟನಡುವೆ ಇಲ್ಲ. ಗೋಡೆ ಮೂಲೆಗೆ ಮಡಚಿದರೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ. ಕೇಳಿದರೆ ಅಂಗಡಿಯವರು "ಈಗ ಹೀಗೇ ಬರ್ತದೆ" ಅಂದರು. ರೋಲಿನಲ್ಲಿ ಕಂಪನಿಯವರು ಉಳಿಸಿದ್ದು ಎಷ್ಟೋ, ನನಗೆ ಒಬ್ಬನ ಒಂದು ದಿನದ ಕೂಲಿ ಹೋಯಿತು.

ಪ್ಯಾಕಿಂಗ್ ಬಗ್ಗೆಯೂ ಒಂದು ಮಾತು. ಆರಿದ್ರಾ ಮಳೆ ಹಿಡಿದರೆ ನಮ್ಮಲ್ಲಿ ಬೆಂಕಿಪೊಟ್ಟಣವೂ ಒಣಗಿರುವುದಿಲ್ಲ. ಇನ್ನು ಅಂಗಡಿ ಬಾಗಿಲಲ್ಲಿ ಬಿಚ್ಚಿಟ್ಟ ಟೇಪ್? ಅಂಚು ಅಲೆ ಅಲೆ ಎದ್ದಿರುತ್ತದೆ, ಹಚ್ಚಿದರೆ ನೆರಿಗೆ. ಪ್ಲಾಸ್ಟಿಕ್ ಸುತ್ತಿದ ರೋಲ್ ಇದ್ದರೆ ಮಾತ್ರ ತಗೊಳ್ಳಿ, ಒಂದು ಗೇಣು ಬಿಚ್ಚಿ ಕೈಯಾಡಿಸಿ ನೋಡಿ. ಅಂಗಡಿಯವರು ಬಿಚ್ಚಬೇಡಿ ಅಂದರೆ ಬೇರೆ ಅಂಗಡಿ ಇದೆ. ಮೃಗಶಿರಕ್ಕೆ ಮೊದಲೇ ತಂದು, ಮುಚ್ಚಳ ಬಿಗಿಯಾದ ಪೇಂಟ್ ಡಬ್ಬಿಯಲ್ಲಿ ಹಾಕಿಡುತ್ತೇನೆ. ಮಳೆಗಾಲದಲ್ಲಿ ಕೋಟ್‌ಗಳ ನಡುವೆ ಪ್ಯಾಕೆಟ್ ಹೇಳುವ ಹೊತ್ತನ್ನು ನಂಬಬೇಡಿ. ಕಲಸಿಯೇ ಬರುವ ರೆಡಿಮಿಕ್ಸ್ ಕಾಂಪೌಂಡ್ ಒಣಗಲು ಎರಡು ಮೂರು ದಿನ ಬೇಕಾಗಬಹುದು. ಬೂದುಬಣ್ಣ ಹೋಗಿ ಪೂರ್ತಿ ಬಿಳಿಯಾಗುವ ತನಕ ಕಾಯಿರಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತಿದ್ದೆ, ಈ ನುಣುಪು ರೋಲಿನಿಂದ ಮೂರಕ್ಕೆ ಇಳಿಸಿದ್ದೇನೆ. ಆದರೂ ಫೈಬರ್‌ಗೆ ವಾಪಸ್ ಹೋಗುವುದಿಲ್ಲ, ಕಂಪನಿ ಬದಲಿಸುತ್ತೇನೆ.

ಶಿರಸಿ ಕಡೆಯ ಹೆಂಚಿನ ಮನೆಯವರು ಒಂದು ವಿಷಯ ಗಮನಿಸಿ. ರೀಪು ಪಕಾಸಿಗೆ ನೇತುಹಾಕಿದ ಸೀಲಿಂಗ್ ಮಳೆಗೆ, ಬಿಸಿಲಿಗೆ ಮರದ ಜೊತೆಗೇ ಅಲ್ಲಾಡುತ್ತದೆ. ಗೋಡೆ ಸೇರುವ ಜಾಗದಲ್ಲಿ ಟೇಪ್ ಹಚ್ಚಿದರೆ ಯಾವ ಕಂಪನಿಯದೂ ಉಳಿಯುವುದಿಲ್ಲ. ಅಲ್ಲಿ ಸಣ್ಣ ಸಂದು ಬಿಟ್ಟು, ಗೋಡೆಗೆ ಮಾತ್ರ ಮೊಳೆ ಹೊಡೆದ ಮರದ ಪಟ್ಟಿಯಿಂದ ಮುಚ್ಚಿಸಿ. ಟೇಪ್ ಬೋರ್ಡ್ ಬೋರ್ಡ್ ನಡುವೆ ಇರಲಿ.