ರನ್ನಿಂಗ್ ಬ್ಯಾಕ್ ದೊಡ್ಡವನೋ ಅವನ ಮುಂದಿನ ಲೈನ್ ದೊಡ್ಡದೋ: ಎನ್‌ಎಫ್‌ಎಲ್ ಆಪ್ ತಗೋಬೇಕಾ?

ಮೂರು ಸ್ಟಾರ್, ಆ ಮೂರೂ ಒಂದೇ ಫೀಚರ್‌ಗೆ. ಎನ್‌ಎಫ್‌ಎಲ್ (ಅಮೆರಿಕದೋರ ಫುಟ್‌ಬಾಲ್ ಲೀಗು, ಚೆಂಡು ಕೈಲಿ ಹಿಡ್ಕೊಂಡು ಓಡೋ ಆಟ) ಮ್ಯಾಚ್ ತೋರಿಸೋ ಪೇಯ್ಡ್ ಆಪು, ಹೆಸರು ಬೇಡ, ಶಿವಮೊಗ್ಗ ಕಡೆಯ ಸಾಗರದ ಹತ್ರ ಮನೇಲಿ ಕೂತು ಸೀಸನ್ ಪೂರ್ತಿ ನೋಡಿದೀನಿ.

ತಗೊಂಡಿದ್ದೇ ಭಾವನ ಜೊತೆ ವಾದಕ್ಕೆ: ಚೆಂಡು ಹಿಡ್ಕೊಂಡು ಓಡೋ ರನ್ನಿಂಗ್ ಬ್ಯಾಕ್ ದೊಡ್ಡವನೋ, ಅವನ ಮುಂದೆ ಎದುರಾಳಿಗಳನ್ನ ತಳ್ಳಿ ದಾರಿ ಬಿಡಿಸೋ ಐದು ಜನರ ಲೈನ್ ದೊಡ್ಡದೋ ಅಂತ. ಅವ್ರದ್ದು ಒಂದೇ ಹಠ, "ಮುಂದೆ ಐದು ಜನ ಆನೆ ಥರದೋರು ನಿಂತು ದಾರಿ ಬಿಡಿಸಿಕೊಟ್ರೆ ಯಾರು ಬೇಕಾದ್ರೂ ಓಡ್ತಾರೆ ಮಾರಾಯ, ಅದ್ರಲ್ಲಿ ಎಂತ ಟ್ಯಾಲೆಂಟು" ಅಂತ. ಸುಮ್ನೆ ಹೇಳಲ್ಲ ಅವ್ರು, ಲೆಕ್ಕ ಇಟ್ಕೊಂಡೇ ಬರ್ತಾರೆ. ಡೆನ್ವರ್‌ನಲ್ಲಿ ಮೈಕ್ ಶಾನಹಾನ್ ಕೋಚ್ ಆಗಿದ್ದಾಗ ಡ್ರಾಫ್ಟ್‌ನ (ಟೀಮ್‌ಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸೋದು) ಆರನೇ ರೌಂಡ್‌ನಲ್ಲಿ, ಅಂದ್ರೆ ಬಹಳ ಹಿಂದೆ, ಸಿಕ್ಕ ಟೆರೆಲ್ ಡೇವಿಸ್ 1998ರಲ್ಲಿ 2,008 ಯಾರ್ಡ್ ಓಡಿದ, ಮುಂದಿನ ವರ್ಷ ಅವನಿಗೆ ಮಂಡಿ ಪೆಟ್ಟಾಯ್ತು, ಒಲಾಂಡಿಸ್ ಗ್ಯಾರಿ ಅಂತ ಒಬ್ಬ ಬಂದು 1,159 ಓಡಿದ, 2000ದಲ್ಲಿ ಮೈಕ್ ಆಂಡರ್ಸನ್ ಬಂದ, 1,487. ಆಮೇಲೆ ಡಿಮಾರ್ಕೊ ಮರ್ರೆ: 2014ರಲ್ಲಿ ಡಲ್ಲಾಸ್‌ನಲ್ಲಿ 1,845 ಯಾರ್ಡ್, ಮರುವರ್ಷ ಫಿಲಡೆಲ್ಫಿಯಾಗೆ ಹೋಗಿ 702. ಅವನು ಬಿಟ್ಟುಹೋದ ಡಲ್ಲಾಸ್ ಲೈನ್ ಹಿಂದೆ ಡ್ಯಾರೆನ್ ಮ್ಯಾಕ್‌ಫ್ಯಾಡನ್ 1,089 ಓಡಿದ, ಒಂದೊಂದು ಓಟಕ್ಕೆ ಸರಾಸರಿ ಮರ್ರೆದು 4.7, ಇವನದು 4.6. ಇದಕ್ಕೆ ಎಂತ ಹೇಳ್ತೀಯಾ ಅಂತಾರೆ.

ಟಿವಿ ಕ್ಯಾಮೆರಾ ನಂಬ್ಕೊಂಡ್ರೆ ಎಂತದೂ ಹೇಳಕ್ಕಾಗಲ್ಲ, ಅದು ಚೆಂಡಿನ ಹಿಂದೇನೇ ಓಡತ್ತೆ, ಹಂಗಾಗಿ ಓಡೋನು ಮಾತ್ರ ಕಾಣ್ತಾನೆ. ಈ ಆಪಲ್ಲಿ ಕೋಚ್‌ಗಳು ನೋಡೋ ಫಿಲ್ಮ್ ಇದೆ, ಆಲ್-22 ಅಂತಾರೆ, ಎತ್ತರದಿಂದ ಇಪ್ಪತ್ತೆರಡು ಜನಾನೂ ಒಟ್ಟಿಗೆ ಕಾಣ್ತಾರೆ, ಆಮೇಲೆ ಅದೇ ಆಟಾನ ಗೋಲ್ ಕಡೆಯಿಂದ ಇನ್ನೊಂದ್ಸಲ. ಮೂರು ಸ್ಟಾರ್ ಇದಕ್ಕೇ.

ಇದ್ರಲ್ಲಿ ಸೇಕ್ವಾನ್ ಬಾರ್ಕ್ಲಿ ಅನ್ನೋ ರನ್ನಿಂಗ್ ಬ್ಯಾಕ್‌ನ 2024ರ ಸೀಸನ್ ನೋಡಿ. 2023ರಲ್ಲಿ ನ್ಯೂಯಾರ್ಕ್‌ನ ಜೈಂಟ್ಸ್ ಟೀಮ್‌ಗೆ ಆಡುವಾಗ 962 ಯಾರ್ಡ್, ಸರಾಸರಿ 3.9. ಫಿಲಡೆಲ್ಫಿಯಾದ ಈಗಲ್ಸ್ ಟೀಮ್‌ಗೆ ಬಂದ ಮೊದಲ ವರ್ಷಾನೇ 2,005, ಸರಾಸರಿ 5.8, ಅದೂ ಕೊನೇ ಮ್ಯಾಚ್ ಆಡದೆ! ಎರಿಕ್ ಡಿಕರ್‌ಸನ್ 1984ರಲ್ಲಿ ಮಾಡಿದ 2,105ರ ದಾಖಲೆಗೆ ಬರೀ ನೂರು ಯಾರ್ಡ್ ಕಮ್ಮಿ. ಭಾವನ ಮಾತೇ ಸರಿ ಅನ್ಸತ್ತಲ್ವಾ. ಗೋಲ್ ಕಡೆಯ ಕ್ಯಾಮೆರಾದಲ್ಲಿ ನೋಡಿದ್ರೆ ಇನ್ನೂ ಜಾಸ್ತಿ ಅನ್ಸತ್ತೆ, ಐದು ಜನಾನೂ ಒಂದೇ ದಿಕ್ಕಿಗೆ ಹೆಜ್ಜೆ ಹಾಕಿ ಎದುರಿನೋರನ್ನ ಪಕ್ಕಕ್ಕೆ ತಳ್ಕೊಂಡು ಹೋಗ್ತಾರೆ, ಅಲ್ಲಿ ಎಡಗಡೆ ಜೋರ್ಡನ್ ಮೈಲಾಟಾ ಅಂತ ಒಬ್ಬ, ಆರಡಿ ಎಂಟಿಂಚು, ಆಸ್ಟ್ರೇಲಿಯಾದಲ್ಲಿ ರಗ್ಬಿ ಆಡ್ಕೊಂಡಿದ್ದೋನು, 2018ರಲ್ಲಿ ಏಳನೇ ರೌಂಡ್‌ನಲ್ಲಿ ತಗೊಂಡಾಗ ಈ ಆಟದ ಒಂದು ಮ್ಯಾಚೂ ಆಡಿರಲಿಲ್ಲ, ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಅವನನ್ನ ತಿದ್ದಿ ತೀಡಿ ನಿಲ್ಸಿದ್ದು. ಇನ್ನೊಂದು, ಕ್ವಾರ್ಟರ್‌ಬ್ಯಾಕ್ (ಚೆಂಡು ಪಾಸ್ ಮಾಡೋನು, ಇಲ್ಲಾಂದ್ರೆ ಓಡೋನ ಕೈಗೆ ಕೊಡೋನು) ಜೇಲೆನ್ ಹರ್ಟ್ಸ್ ತಾನೇ ಓಡಬಹುದು ಅನ್ನೋ ಭಯಕ್ಕೆ ತುದೀಲಿರೋ ಡಿಫೆಂಡರ್ ಅರೆಕ್ಷಣ ಅಲ್ಲೇ ತಡೀತಾನೆ, ಅಷ್ಟು ಸಾಕು ಬಾರ್ಕ್ಲಿಗೆ. ಟಿವಿಲಿ ಆ ಅರೆಕ್ಷಣ ಕಾಣೋದೇ ಇಲ್ಲ.

ಆದ್ರೆ ಅದೇ ಫಿಲ್ಮ್‌ನಲ್ಲಿ ಕಣ್ಣು ಹಿಂದೆ ತಗೊಂಡ್ಹೋಗಿ ಸೇಫ್ಟಿ, ಅಂದ್ರೆ ಎದುರಾಳಿ ಟೀಮಿನ ಕೊನೇ ಸಾಲಿನ ಡಿಫೆಂಡರ್, ಅವನ ಮೇಲಿಡಿ. ಲೈನ್‌ನೋರ ಕೆಲಸ ಐದಾರು ಯಾರ್ಡ್‌ಗೆ ಮುಗೀತು, ಅಲ್ಲಿಂದ ಮುಂದೆ ಇವನೂ ಆ ಸೇಫ್ಟಿನೂ ಇಬ್ಬರೇ. ಸಾಮಾನ್ಯ ಆಟಗಾರ ಅಲ್ಲಿ ಸಿಕ್ಕಿಬೀಳ್ತಾನೆ, ಓಟ ಎಂಟು ಹತ್ತು ಯಾರ್ಡ್‌ಗೆ ಮುಗಿಯತ್ತೆ. 2025ರ ಜನವರಿಲಿ ರ‍್ಯಾಮ್ಸ್ ಟೀಮ್ ಮೇಲಿನ ಪ್ಲೇಆಫ್‌ನಲ್ಲಿ (ನಾಕೌಟ್ ಮ್ಯಾಚು) ಹಿಮ ಸುರೀತಿದ್ದಾಗ ಇವನು 62, 78 ಯಾರ್ಡ್‌ನ ಎರಡು ಟಚ್‌ಡೌನ್ (ಚೆಂಡು ಕೊನೇ ಗೆರೆ ದಾಟಿಸೋದು) ಹೊಡೆದ, ಒಟ್ಟು 205. ಜಾಕ್ಸನ್‌ವಿಲ್ ಟೀಮ್ ಮೇಲಿನ ಮ್ಯಾಚಲ್ಲಿ ಹಿಂದ್ಹಿಂದಕ್ಕೆ ಹಾರಿದ್ದಂತೂ ಓಟದ ಪ್ಲೇನೇ ಅಲ್ಲ, ಸಣ್ಣ ಪಾಸ್ ಹಿಡ್ದ, ಒಬ್ಬನನ್ನ ತಪ್ಪಿಸ್ದ, ಗಿರ್ರಂತ ತಿರುಗ್ದ, ಬೆನ್ನು ಇನ್ನೊಬ್ಬ ಎದುರಾಳಿ ಕಡೆಗಿದೆ, ಅವನು ಕಾಲು ಹಿಡಿಯೋಕೆ ಬಗ್ಗಿದ, ಇವನು ನೋಡದೇ ಅವನ ತಲೆ ಮೇಲಿಂದ ಹಾರಿದ. ಅದನ್ನ ಯಾವ ಕೋಚ್ ಬೋರ್ಡ್ ಮೇಲೆ ಬರೆದು ಕಲಿಸ್ತಾನೆ ಭಾವ? ಜೈಂಟ್ಸ್‌ಗೆ ಬಂದ ಮೊದಲ ವರ್ಷ, 2018ರಲ್ಲೂ, ಆ ಸಾಧಾರಣ ಲೈನ್ ಹಿಂದೇನೇ 1,307 ಓಡಿದ್ದ, ಸರಾಸರಿ 5. ನನ್ನ ಲೆಕ್ಕದಲ್ಲಿ ಮೊದಲ ಐದಾರು ಯಾರ್ಡ್ ಲೈನ್‌ದು, ಅರವತ್ತು ಯಾರ್ಡ್ ಅವನದ್ದು. ಭಾವ ಇನ್ನೂ ಒಪ್ಪಿಲ್ಲ, ಡೆನ್ವರ್ ಡೆನ್ವರ್ ಅಂತಿದಾರೆ, ಆ ಹಳೇ ಮ್ಯಾಚು ಈ ಆಪಲ್ಲಿ ಇಲ್ಲ.

ಕಟ್ ಮಾಡಿದ ಎರಡು ಸ್ಟಾರ್‌ಗೆ ಕಾರಣ: ಆಪ್ ಓಪನ್ ಮಾಡಿದ ತಕ್ಷಣ ಮೊದ್ಲೇ ಸ್ಕೋರ್ ಕಾಣತ್ತೆ, ಬೆಳಿಗ್ಗೆ ಎದ್ದು ನೋಡೋಣ ಅಂದ್ಕೊಂಡಿದ್ರೆ ಕತೆ ಮುಗೀತು. ಸರ್ಚ್ ಅಂತೂ ದೇವ್ರಿಗೇ ಪ್ರೀತಿ. ಕೋಚ್ ಫಿಲ್ಮ್ ಮ್ಯಾಚ್ ಮುಗಿದ ತಕ್ಷಣ ಬರಲ್ಲ, ಕಾಯ್ಬೇಕು. ಭಾನುವಾರದ ಮೊದಲ ಮ್ಯಾಚು ನಮಗೆ ರಾತ್ರಿ ಹತ್ತೂವರೆಗೆ, ನವೆಂಬರ್‌ನಲ್ಲಿ ಅವ್ರು ಗಡಿಯಾರ ಹಿಂದೆ ಮಾಡಿದ್ಮೇಲೆ ಹನ್ನೊಂದೂವರೆಗೆ, ಅಡಿಕೆ ಸೀಸನ್ ಆದ್ದರಿಂದ ಹೇಗೂ ಮನೇಲಿ ಎಚ್ಚರ ಇರ್ತೀವಿ, ಹೆಡಿಗೆಗೆ ಫೋನ್ ಒರಗಿಸಿ ಮೆಟ್ಟುಗತ್ತಿ ಮುಂದೆ ಕೂತ್ರೆ ಆಯ್ತು. ಕರೆಂಟ್ ಹೋದ್ರೆ ವೈಫೈನೂ ಹೋಗತ್ತೆ, ಅದಕ್ಕೆ ಆಪ್‌ನ ಬಯ್ಯಕ್ಕಾಗಲ್ಲ, ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ.

ಲೈವ್ ಮಾತ್ರ ಸಾಕು ಅನ್ನೋರು ಇದಕ್ಕೆ ದುಡ್ಡು ಹಾಕ್ಬೇಡಿ. ವಾದ ಮಾಡೋಕೆ ಮನೇಲಿ ಒಬ್ಬ ಭಾವ ಇದ್ರೆ ತಗೊಳಿ, ತಗೊಂಡ ದಿನಾನೇ ಆಟೋ ರಿನ್ಯೂವಲ್ ಆಫ್ ಮಾಡಿ, ಫೆಬ್ರವರಿ ಆದ್ಮೇಲೆ ಇದ್ರಲ್ಲಿ ನೋಡೋಕೆ ಎಂತದೂ ಇರಲ್ಲ.