ಕುಡಿತ ಬಿಡ್ಸೋಕೆ ಪ್ರೈವೇಟ್ ಸೆಂಟರ್, ನಿಮ್ಹಾನ್ಸ್, ಮದ್ಯವರ್ಜನ ಶಿಬಿರ: ಮೂರೂ ನೋಡಿದ್ಮೇಲೆ

ನಮ್ಮ ಭಾವನ ಕುಡಿತ ಬಿಡ್ಸೋಕೆ ಅಂತ ಅಕ್ಕ ನಾನು ಮೂರು ಕಡೆ ಓಡಾಡಿದೀವಿ. ನನ್ನ ಲೆಕ್ಕ ಇಷ್ಟೇ, ಕುಡಿತ ನಿಲ್ಲಿಸಿದ ಮೊದಲ ವಾರ ಡಾಕ್ಟರ್ ಕಣ್ಣೆದುರು ಇರ್ಬೇಕು, ಅದಾದ್ಮೇಲೆ ಲಕ್ಷಗಟ್ಲೆ ಸುರಿಯೋ ಅಗತ್ಯ ಇಲ್ಲ.

ಮೊದ್ಲು ಹೋಗಿದ್ದು ಬೆಂಗಳೂರಿನ ಹೊರಗಡೆ ಒಂದು ಪ್ರೈವೇಟ್ ಸೆಂಟರ್‌ಗೆ. ಮೂರು ತಿಂಗಳ ಪ್ಯಾಕೇಜು, ಅಡ್ವಾನ್ಸು ಮೊದ್ಲೇ ಕಟ್ಬೇಕು, ಔಷಧಿ ಬಿಲ್ ಬೇರೆ. ಕ್ಯಾಂಪಸ್ ಚೆನ್ನಾಗೇ ಇತ್ತು, ಆದ್ರೆ ರಾತ್ರಿ ಡಾಕ್ಟರ್ ಇರ್ಲಿಲ್ಲ. ಎರಡನೇ ರಾತ್ರಿಯಿಂದ ಭಾವ ಬೆಡ್‌ಶೀಟಿಂದ ಇಲ್ಲದ ದಾರ ಎಳೀತಾ, ಗೋಡೆ ಮೇಲೆ ಇರುವೆ ಅಂತ ಒರೆಸ್ತಾ ಕೂತಿದ್ರಂತೆ, ಅಲ್ಲಿನವರು ‘ನಾಟಕ’ ಅಂದ್ಕೊಂಡ್ರು. ಅದು ನಾಟಕ ಅಲ್ಲ, ಡಿಲೀರಿಯಮ್, ಅಂದ್ರೆ ತಲೆ ಗೊಂದಲವಾಗಿ ಇಲ್ಲದ್ದೆಲ್ಲ ಕಾಣೋ ಸ್ಥಿತಿ, ದಿನಾ ಜಾಸ್ತಿ ಕುಡಿಯೋರು ಏಕ್ದಂ ನಿಲ್ಲಿಸಿದ್ರೆ ಎರಡು ಮೂರು ದಿನದಲ್ಲಿ ಬರಬಹುದು, ಫಿಟ್ಸೂ ಬರಬಹುದು, ಜೀವಕ್ಕೇ ಅಪಾಯ.

ಇನ್ಶೂರೆನ್ಸ್ ಇದ್ಯಲ್ಲ ಅಂತ ಧೈರ್ಯ ಇತ್ತು, ಯಾಕಂದ್ರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆ ತರಾನೇ ಇನ್ಶೂರೆನ್ಸ್ ಕೊಡ್ಬೇಕು, ಮದ್ಯ, ಡ್ರಗ್ಸ್‌ನಿಂದ ಬರೋ ಮಾನಸಿಕ ತೊಂದ್ರೆನೂ ಆ ಕಾಯ್ದೆಯಲ್ಲಿ ಸೇರಿದೆ. ಆದ್ರೆ ಪಾಲಿಸಿ ಪೇಪರ್ ತೆಗೆದು ನೋಡಿದ್ರೆ ಎಕ್ಸ್‌ಕ್ಲೂಷನ್ ಕೋಡ್ 12 ಅಂತ ಒಂದು ಸಾಲು, ಕುಡಿತ, ಡ್ರಗ್ಸ್, ಯಾವುದೇ ಚಟದ ಚಿಕಿತ್ಸೆಗೆ ಕವರ್ ಇಲ್ಲ. ಕ್ಲೇಮು ಅಲ್ಲಿಗೇ ಹೋಯ್ತು. ಒಡವೆ ಅಡ ಇಡೋ ಮುಂಚೆ ಆ ಸಾಲು ನಿಮ್ಮ ಪಾಲಿಸೀಲೂ ಇದ್ಯಾ ಹುಡುಕಿ.

ಆಮೇಲೆ ನಿಮ್ಹಾನ್ಸ್. ಹೊಸೂರು ರೋಡಲ್ಲಿ, ಚಟಕ್ಕೇ ಅಂತ ಬೇರೆ ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗ್ಬೇಕು, ಅಡ್ಮಿಟ್ ಆದ್ರೆ ಮನೆಯವರೊಬ್ರು ಜೊತೆಗೆ ಉಳೀಬೇಕು, ಅಂಗಡಿ ಬಾಗ್ಲು ಹಾಕಿ ಅಕ್ಕನೇ ಉಳಿದ್ಲು, ನಿಜವಾದ ಖರ್ಚು ಅದೇ ಅನ್ನಿ. ಬಿಪಿಎಲ್ ಕಾರ್ಡ್ ಇದ್ದೋರಿಗೆ ರಿಯಾಯ್ತಿ ಇದೆ, ಒರಿಜಿನಲ್ ತಗೊಂಡೋಗಿ. ನಡುಕಕ್ಕೆ ಮಾತ್ರೆ, ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೊಟ್ರು, ವಾರದೊಳಗೆ ಭಾವ ಕಾಫಿ ಲೋಟ ಚೆಲ್ಲದೆ ಹಿಡ್ಕೊಂಡ್ರು. ಧಾರವಾಡದ ಕಡೆಯೋರಿಗೆ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹತ್ರ ಆಗತ್ತೆ.

ಧರ್ಮಸ್ಥಳದ ಜನಜಾಗೃತಿ ವೇದಿಕೆಯವ್ರ ಮದ್ಯವರ್ಜನ ಶಿಬಿರಕ್ಕೆ ಹೋಗಿದ್ದು ಇದಾದ್ಮೇಲೆ. ಊರಿನ ಸಮುದಾಯ ಭವನದಲ್ಲಿ 8 ದಿನ, ಭಜನೆ, ಯೋಗ, ಕೌನ್ಸೆಲಿಂಗ್, ಊಟ, ಖರ್ಚು ಲೆಕ್ಕಕ್ಕೇ ಇಲ್ಲ. ಭಾವಂಗೆ ಇಲ್ಲಿ ಸಿಕ್ಕಿದ್ದು ಜನ, ಬಿಟ್ಟೋರೆಲ್ಲ ಸೇರೋ ನವಜೀವನ ಸಮಿತಿ, ತಪ್ಪಿಸಿದ್ರೆ ಮನೆಗೇ ಬಂದು ಕೇಳ್ತಾರೆ. ಆದ್ರೆ ಹಿಂದೆ ಫಿಟ್ಸ್ ಬಂದಿದ್ದೋರನ್ನ ನೇರ ಶಿಬಿರಕ್ಕೆ ಕಳಿಸ್ಬೇಡಿ, ಆಸ್ಪತ್ರೆ ಮುಗಿಸ್ಕೊಂಡು ಕಳ್ಸಿ.

ಹಾಂ, ‘ಗೊತ್ತಾಗದಂಗೆ ಊಟದಲ್ಲಿ ಬೆರೆಸಿ ಕುಡಿತ ಬಿಡ್ಸಿ’ ಅನ್ನೋ ಪುಡಿ ಜಾಹೀರಾತು ಬಸ್‌ಸ್ಟ್ಯಾಂಡ್ ಗೋಡೆ ತುಂಬಾ ಇರತ್ತಲ್ಲ, ಅದನ್ನ ಮುಟ್ಲೇಬೇಡಿ. ಅದರಲ್ಲಿ ಏನಿದೆ ಅಂತ ಯಾರು ನೋಡಿದ್ದಾರೆ? ಕುಡಿತ ಬಿಡ್ಸೋಕೆ ಡಾಕ್ಟರ್ ಕೊಡೋ ಡೈಸಲ್ಫಿರಾಮ್ ತರದ ಮಾತ್ರೆ ಅದರಲ್ಲಿ ಸೇರಿದ್ರೆ, ಅದು ಹೊಟ್ಟೆಲಿದ್ದಾಗ ಕುಡಿದ್ರೆ ವಾಂತಿ, ಬಿಪಿ ಇಳಿಯೋದು, ಹೃದಯಕ್ಕೂ ತೊಂದ್ರೆ ಆಗ್ಬೋದು.

ದುಡ್ಡೇ ಇಲ್ಲ ಅನ್ನೋರು 14446ಗೆ ಫೋನ್ ಮಾಡಿ, ಕೇಂದ್ರ ಸರ್ಕಾರದ ಅನುದಾನದಲ್ಲಿ ನಡೆಯೋ ವ್ಯಸನಮುಕ್ತಿ ಕೇಂದ್ರ ಹತ್ರದಲ್ಲಿ ಎಲ್ಲಿದೆ ಅಂತ ಕೇಳಿ. ಪ್ರೈವೇಟೇ ಬೇಕು ಅಂದ್ರೆ ಮೂರು ತಿಂಗಳು ಒಟ್ಟಿಗೆ ಕಟ್ಬೇಡಿ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ರಿಜಿಸ್ಟ್ರೇಷನ್ ತೋರ್ಸಿ ಅನ್ನಿ, ರಾತ್ರಿ ಡ್ಯೂಟಿ ಡಾಕ್ಟರ್ ಯಾರು, ಮನೆಯವ್ರು ಯಾವಾಗ ಬೇಕಾದ್ರೂ ಫೋನ್ ಮಾಡ್ಬೋದಾ ಅಂತ ಕೇಳಿ, ತಡವರಿಸಿದ್ರೆ ಎದ್ದು ಬನ್ನಿ.